ನೂರಾ ಹನ್ನೆರಡನೆಯ ಪುಟ

ನೈರೋಬಿ. ರಿವರ್ ರೋಡಿನ ಫುಟ್‌ಪಾತಿನಲ್ಲಿ
ಟಾರ್ಪಾಲು ಹಾಸಿ ಕೂತ ಮುತಿಸೊ
ಪುಸ್ತಕದ ಬೆಲೆಯನ್ನು
ಗಿರಾಕಿಯ ಚಪ್ಪಲಿ ನೋಡಿ ಹೇಳುತ್ತಾನೆ.

ಅವೂರ್ ಮೊಣಕಾಲೂರಿ ಅಳೆದೂ ಸುರಿದೂ ನೋಡಿದಳು.
ಪ್ಲಾಸ್ಟಿಕ್ಕು ಬಿಚ್ಚದ ಹೊಸದಕ್ಕೆ ಅರ್ಧ ತಿಂಗಳ ಸಂಬಳ.
ಜೆರಾಕ್ಸ್ ಪ್ರತಿಯಲ್ಲಿ ಭಾಗಾಕಾರದ ಗೆರೆಗಳೇ ಮಾಯ.
ಇನ್ನೊಂದು, ಬೆನ್ನು ಕಿತ್ತ ಹಳೇ ಆವೃತ್ತಿ.
"ಪರೀಕ್ಷೆ ಬದಲಾಗಿದೆ, ನಿಜ," ಅಂದ ಮುತಿಸೊ,
"ಆದರೆ ಎರಡು ರೈಲು ಎದುರುಬದುರು ಹೊರಡುವುದು
ಇನ್ನೂ ತಪ್ಪಿಲ್ಲ ತಂಗಿ."

ಹಗಲೆಲ್ಲ ಮಟಾಟು ಬಸ್ಸಿನ ಆಫೀಸಿನ ಕಿಂಡಿಯಲ್ಲಿ
ಬೆವರಿದ ನೋಟು ಎಣಿಸುವವಳು.
ಲಾಭ ನಷ್ಟ ಅವಳಿಗೆ ಹೊಸತಲ್ಲ,
ಬಿಸಿನೆಸ್ ಸ್ಕೂಲಿನವರು ಅದನ್ನು ಕೇಳುವ ಧಾಟಿ ಹೊಸತು.

ಹಳೆಯದರ ತುಂಬ ಯಾರದೋ ಪೆನ್ಸಿಲ್ಲು:
ತಪ್ಪು, ಮತ್ತೆ ತಪ್ಪು, ಒತ್ತಿ ಬರೆದ ಒಂದು ಸರಿ,
ನೂರಾ ಹನ್ನೆರಡನೆಯ ಪುಟದ ಅಂಚಿಗೆ
'ಮಗು ಎದ್ದಿತು.'
ಆಮೇಲೆ ಪುಟಗಳು ಬೆಳ್ಳಗೆ, ಕೊನೆಯವರೆಗೆ.

ಚೌಕಾಸಿ ಮಾಡುವುದು ಮರೆತೇಹೋಯಿತು.

ರಾತ್ರಿ ರಬ್ಬರು ಹಿಡಿದು
ಒಂದೊಂದೇ ಉತ್ತರ ಅಳಿಸಿದಳು,
ಪುಡಿಯನ್ನು ಊದಿದಳು,
ತಾನೇ ಲೆಕ್ಕ ಬಿಡಿಸಿ
ಎಷ್ಟೋ ಕಡೆ ಅದೇ ತಪ್ಪಿಗೆ ಬಂದು ನಿಂತಳು.
ಆ ಎರಡು ಪದಗಳನ್ನು ಮಾತ್ರ
ಹಾಗೇ ಬಿಟ್ಟಳು.

ನೂರಾ ಹದಿಮೂರರಿಂದಾಚೆ ಪುಸ್ತಕ ಹೊಸದೇ,
ಮೂಸಿದರೆ ಅಂಗಡಿಯ ವಾಸನೆ.
ಅಲ್ಲಿಗೆ ಮುಟ್ಟುವ ಮೊದಲು
ಇನ್ನೂ ಬಹಳ ರೈಲುಗಳಿವೆ.