ಇನ್ನೊಂದು ತುದಿ

ಹಲಗೆ ಬಾಗಿಲಲ್ಲಿ ತೂರಲಿಲ್ಲ.
ಒಡಿಲ್ ಅಡುಗೆಮನೆಯ ಉದ್ದ ಅಳೆದಿದ್ದಳು,
ಗೋಡೆಯ ಸೊಟ್ಟವನ್ನೂ ಅಳೆದಿದ್ದಳು,
ಹೊಸಿಲು ದಾಟಿದ ಮೇಲಿನ ತಿರುವು ಮರೆತಿದ್ದಳು.
ಕಿಟಕಿಯನ್ನೇ ಕಳಚಿದೆವು. ಕೆಬೆಕಿನ ಬೋಸ್ ಕಣಿವೆಯ ಏಪ್ರಿಲ್,
ಇನ್ನೂ ಅರ್ಧ ಹಿಮವೇ ಆಗಿದ್ದ ಗಾಳಿ
ಒಳಗೆ ಬಂದು ಒಲೆಯ ಪಕ್ಕ ಕೂತಿತು.
ಅವಳು ಒಳಗೆ, ನಾನು ಹೊರಗೆ ಕೆಸರಲ್ಲಿ.
ಹುಟ್ಟಿದ್ದು ನಾನು ಮೊದಲು; ಆದರೂ
ಇನ್ನೊಂದು ತುದಿ ಹಿಡಿಯುವುದು ಯಾವತ್ತೂ ನನ್ನ ಪಾಲು.

ರೆಜಾನನ ತೋಪಿನ ಮೇಪಲ್ ಅದು,
ಮಂಜುಗಡ್ಡೆಯ ಭಾರಕ್ಕೆ ಬುಡಮೇಲಾದದ್ದು.
ಗಿರಣಿಯವನು ತೊಗಟೆ ಸಮೇತ ಸೀಳಿಕೊಟ್ಟ.
ಅವಳು ಓಡಿಸುವ ಹಳದಿ ಶಾಲಾಬಸ್ಸಿನ ಪಕ್ಕ, ಕೊಟ್ಟಿಗೆಯಲ್ಲಿ,
ನಡುನಡುವೆ ರೀಪು ಕೊಟ್ಟು ಪೇರಿಸಿ
ಕಾದಳು. ಇಂಚಿಗೊಂದು ವರ್ಷ.
ಮೂರಿಂಚು.

ಉಜ್ಜುಗೊರಡು ಹೋಗಿ ಬಂದು, ಹೋಗಿ ಬಂದು,
ಬೆಳ್ಳನೆಯ ಮೈಯಲ್ಲಿ ಕಂದು ಗೆರೆಗಳು ಎದ್ದವು,
ಗೆರೆಗೊಂದು ತೂತು, ಕಿರುಬೆರಳಿನಷ್ಟು.
ಹುಳ ಹೊಡೆದಿದೆ, ಎಂದೆ.
ಒಡಿಲ್ ಹೊಟ್ಟು ಊದಿ ನಕ್ಕಳು.
ರಸ ಇಳಿಸಲು ಕೊರೆದ ಗಾಯ ಕಣೋ.
ಮರ ಇದನ್ನು ವಾಸಿ ಮಾಡಿಕೊಳ್ಳುವುದಿಲ್ಲ,
ಸುತ್ತ ಬೇಲಿ ಕಟ್ಟಿ, ಅಲ್ಲೇ ಬಿಟ್ಟು,
ಹೊರಗಿನಿಂದ ಬೆಳೆಯುತ್ತ ಹೋಗುತ್ತದೆ.

ಈ ಮಗ್ಗುಲಿಗೆ ಹನ್ನೊಂದು.
ದೊಡ್ಡವು ರೆಜಾನನ ಅಪ್ಪ ಕೊರೆದವು, ಬಕೆಟ್ಟಿನ ಕಾಲದವು.
ಸಣ್ಣವು ರೆಜಾನನವು, ನೀಲಿ ಪೈಪಿನವು.
ಹನ್ನೊಂದೂ ನಾನು ಹಿಡಿಯುವ ತುದಿಗೇ.

ಪಕ್ಕದ ಮನೆಯ ಮಿರೇಯ್ ಬೆರಳು ಹಾಕಿ ನೋಡಿದಳು:
ರಾಳ ಹುಯ್ದು ಮುಚ್ಚು, ಇಲ್ಲದಿದ್ದರೆ
ರೊಟ್ಟಿಯ ಚೂರು, ಆಮೇಲೆ ಇರುವೆ, ಆಮೇಲೆ ಅಳು.
ರೆಜಾನ್ ಟೋಪಿ ತಿರುಗಿಸುತ್ತ
ಅಡ್ಡಗೋಡೆಯ ಮೇಲೆ ದೀಪ ಇಟ್ಟ:
ಮುಚ್ಚಬಹುದು. ಬಿಡಲೂಬಹುದು.
ಹೊರಡುವ ಮೊದಲು ಬಗ್ಗಿ
ದೊಡ್ಡ ತೂತೊಂದನ್ನು ಮೂಸಿದ.
ಏನು ವಾಸನೆ ಬಂತೋ, ಹೇಳಲಿಲ್ಲ.

ಹತ್ತಕ್ಕೆ ರಾಳ. ಅದೊಂದನ್ನು ಬಿಟ್ಟಳು,
ಈಗ ಅದರಲ್ಲಿ ಪೆನ್ಸಿಲು ನಿಲ್ಲುತ್ತದೆ.

ಕೂರಿಸುವ ದಿನ ಬೇರೆ ಜಗಳ.
ರಸಮಟ್ಟದ ಗುಳ್ಳೆ ನಟ್ಟನಡುವೆ ನಿಂತಿತು,
ಕಣ್ಣು ಮಾತ್ರ ಒಪ್ಪಲೊಲ್ಲದು.
ನೆಲ ಏರಿಗೆಳೆದರೆ ಗೋಡೆ ನೀರಿಗೆಳೆಯುವ ಮನೆ,
ಎಷ್ಟು ಚಳಿಗಾಲ ಹೆಗಲು ಕೊಟ್ಟು ನೂಕಿವೆಯೋ.
ಒಂದು ಗಂಟೆ ಅಡಿಗೆ ಚಕ್ಕೆ ಕೊಟ್ಟೆವು, ತೆಗೆದೆವು.
ಕೊನೆಗೆ ಒಡಿಲ್ ರಸಮಟ್ಟವನ್ನು
ಚಮಚಗಳ ಜೊತೆ ಡ್ರಾಯರಿಗೆ ಹಾಕಿ
ಮನೆಯ ಸೊಟ್ಟಕ್ಕೇ ಕಟ್ಟೆ ಕೂರಿಸಿದಳು,
ಉಳಿದ ತುಂಡುಗಳ ಎರಡು ಶೆಲ್ಫನ್ನೂ ಅದೇ ಸೊಟ್ಟಕ್ಕೆ.

ನೋಡಿದರೆ ಈಗ ಎಲ್ಲ ನೇರ.
ಅಗಸೆ ಎಣ್ಣೆ ಕುಡಿದು ಹಲಗೆ ಜೇನಿನ ಬಣ್ಣಕ್ಕೆ ತಿರುಗಿದೆ,
ಅಂಚಿನ ತೊಗಟೆ ಅಂಗಿಯ ತೋಳಿಗೆ ತಾಗಿ ಪರಚುತ್ತದೆ.
ಮೊಟ್ಟೆ ಇಟ್ಟರೆ ಮಾತ್ರ
ಅರೆಕ್ಷಣ ಯೋಚಿಸಿ ಉರುಳತೊಡಗುತ್ತದೆ,
ನಿಧಾನ, ಗೆರೆಗಳ ಮೇಲೆ ಹಾದು.

ಭಾನುವಾರ ಅವಳು ಬಾಣಲೆ ಕಾಯಿಸುವಾಗ
ನಾನು ಇನ್ನೊಂದು ತುದಿಯಲ್ಲಿ
ಅಂಗೈ ಒಡ್ಡಿ ಕೂತಿರುತ್ತೇನೆ.