ಸೀಟಿನ ಕೆಳಗಿನ ಸಲಿಕಿ

ಭಾದ್ರಪದದಾಗ ಜೀಪು ಸಿಕ್ಕೊಂಡಿತ್ತು
ಚಿತ್ತಾಪುರದ ಆಚಿ, ಎರಿ ಹೊಲದ ದಾರಿಯಾಗ.
ಲಸಿಕಿ ಡಬ್ಬಿ ಮಡಿಲಾಗಿಟ್ಟುಕೊಂಡು
ಮಹಾನಂದಾ ಸಿಸ್ಟರ್ ಕುಂತೇ ಇದ್ರು.
ಊಟದ ತಾಟಿನಿಂದ ಕೆದರಿ ಗಾಲಿ ಬಿಡಿಸಿದೆ.
ಬರ್ಫ ಕರಗೂದ್ರೊಳಗ ಬಿಟ್ಟಿತು, ಪುಣ್ಯ.

ಮರುದಿನವೇ ಕಲಬುರಗಿ ಸ್ಟೇಷನ್ ಬಜಾರ್.
ಮುಖೀತ್ ಭಾಯಿ ಬಿಚ್ಚಿ ತೋರಿಸಿದ:
ಮೂರು ಮಡಿಕಿ, ಹಿಡಿಕ್ಯಾಗ ದಿಕ್ಸೂಚಿ,
ಅಂಚಿಗೆ ಗರಗಸ, ಮ್ಯಾಲೊಂದು ಚೀಲ.
"ದಿಕ್ಕು ನಂಗ ಗೊತ್ತದ ಭಾಯಿ,
ಮಣ್ಣು ಎತ್ತತದೇನು?"
ಕೀಲು ಹಿಡಿದು ಅಲುಗಿಸಿದೆ,
ಹಾಲಹಲ್ಲಿನಂಗ ಅಲ್ಲಾಡಿತು.

ಎರಿ ಮಣ್ಣು ಹಿಡಿದದ್ದು ಬಿಡೂದಿಲ್ಲ.
ಅಗಲ ಸಲಿಕಿಗೆ ಅಂಟಿತಂದ್ರ
ಬೀಳೂದು ಮಣ್ಣಲ್ಲ, ನಮ್ಮ ರಟ್ಟಿ.

ವಾಡಿಯ ಕಂಬಾರ ಮಾನಪ್ಪ
ಹಳೇ ಲಾರಿಯ ಕಮಾನಪಟ್ಟಿ ಕಾಸಿ ಬಡಿದ.
ಗೇಣು ಅಗಲ ಎಲಿ, ಮೂತಿ ಚೂಪು,
ಕಾವು ಜಾಲಿದು;
ಸೀಟಿನ ಕೆಳಗ ಇಟ್ಟು ನೋಡಿಯೇ ಕೊಯ್ದ.
ಹಾಸುಗಲ್ಲಿಗೆ ಬಡಿದೆ, ಠಣ್ ಅಂತು.
ದನಿಯಾಗ ಒಡಕಿಲ್ಲ.

ಅಷ್ಟೊತ್ತಿಗೆ ಮಳಿ ಮುಗದೇ ಹೋಗಿತ್ತು.
ಎಳ್ಳಮವಾಸಿ ದಾಟಿ ಒಂದಿನ
ಹೊಲದವ್ರು ಕೈ ಮಾಡಿ ನಿಂದ್ರಿಸಿದ್ರು:
"ಡ್ರೈವರಣ್ಣ, ಸಲಿಕಿ ಅದೇನ್ರಿ?"
ಕುಣಿ ತೋಡಿ, ಕುಳ್ಳಿನ ಕೆಂಡ ಕೆದರಿ,
ಎಳೇ ಜ್ವಾಳದ ತೆನಿ ಸುಟ್ಟು ಬಡಿದು
ಸೀತನಿ ಕೊಟ್ರು, ಬೊಗಸಿ ತುಂಬ.

ಬಿಸಿ ಕಾಳು ಊದಿಕೋತ ಸಿಸ್ಟರ್
"ಹೊಸಾದು ಕರ್ರಗಾತಲ್ಲೋ" ಅಂದ್ರು.
ಒರೆಸಲಿಲ್ಲ ನಾ.
ಜೀಪಿನ ಬಾಗಿಲಾ ತೆರದ್ರ ಈಗೂ ಹೊಗಿ ವಾಸನಿ.
ಕೆಸರಿನ ಕೂಡ ಅದರ ಭೆಟ್ಟಿ
ಇನ್ನೂ ಬಾಕಿ ಅದ.