ಹನ್ನೊಂದನೇ ಕೊಡ

ನನಗ ಇಂಗ್ಲಿಷ್ ಓದ್ಲಾಕ ಬರಲ್ಲ, ತೂತು ಎಣಸ್ಲಾಕ ಬರ್ತದ.
ರಬ್ಬರ್ ಹಾಳಿ ಮ್ಯಾಲ ಮಷೀನು ಅಕ್ಷರ ಕೊರದು ಕೊಡ್ತದ,
ಚಿಮಟಾ ಹಿಡದು ಅದರ ಹೊಟ್ಟಿಯೊಳಗಿನ ಚೂರು
ತೆಗಿಯೋದು ನನ್ನ ಕೆಲಸ.
ಬಿ ಅಂದ್ರ ಎರಡು, ಓ ಅಂದ್ರ ಒಂದು, ಟಿ ಬರೇ ಕೋಲು.
ಸಂಜಿಗಿ ಸೆರಗು ಕೊಡವಿದ್ರ
ಅರ್ಧಚಂದ್ರ, ತ್ರಿಕೋನ, ಅಕ್ಕಿಕಾಳಿನಷ್ಟು ಸಣ್ಣ ಸಣ್ಣ ಖಾಲಿ,
ನೈಂಟಿ ಫೀಟ್ ರೋಡಿನ ಗಟಾರದಾಗ ಎಲ್ಲಾ ತೇಲಿ ಹೋಗ್ತಾವ.

ಈ ಸಲ ಆರ್ಡರು ಅಮೇರಿಕಾದ್ದು.
ಅಲ್ಲಿಯ ಫುಟ್‌ಬಾಲು ದುಂಡಗಿಲ್ಲ, ಉತ್ತತ್ತಿಯಂಗ ಎರಡೂ ಕಡಿ ಚೂಪು,
ಕಾಲಿಗಿಂತ ಕೈಯಾಗೇ ಹೆಚ್ಚು ಇರ್ತದಂತ.
ವರ್ಷಕ್ಕೊಮ್ಮೆ ಕಾಲೇಜಿನ ಹುಡುಗರನ್ನ
ಒಂದೊಂದು ತಂಡ ಸರತಿ ಮ್ಯಾಲ ಆರಿಸ್ಕೋತದ.
ಎಲ್ಲಾರಕಿಂತ ಹೆಚ್ಚು ಸೋತವರಿಗಿ ಮೊದಲ ಸರತಿ!
ಈ ಕಾನೂನು ಧಾರಾವಿಗಿ ಯಾರೂ ತರಲಿಲ್ಲ ನೋಡು.

ನಮ್ಮ ನೀಲಿ ಅಂಗಿಯವರದು ಹನ್ನೊಂದನೇದು.
ಆರಿಸಿದ ದಿನಾನೇ ಅಂಗಿ ವಿಮಾನ ಹತ್ತಬೇಕು,
ಅಂದ್ರ ಹೆಸರು ಮೊದಲೇ ಊಹೆ ಮಾಡಿ ಒತ್ತಿಡಬೇಕು.
ಮೂರು ಹೆಸರು ಬಂದಾವ:
ಬ್ರಾಡೊ, ಆರು ತೂತು. ಡೋವರ್, ಮೂರು.
ಲಿಂಟ್ಜ್, ಒಂದೂ ಇಲ್ಲ.

ಇರ್ಷಾದ್ ಸೇಠ್ ಮೊಬೈಲಿನಾಗ ಹುಡುಗರ ಓಟ ನೋಡ್ತಾನ,
ಸೆಕೆಂಡು ಸೀಳಿ ಸೀಳಿ ಲೆಕ್ಕ ಬರೀತಾನ.
ಪ್ರೆಸ್ಸಿನ ಸೆಲ್ವಂ ಅಂತಾನ, ಡೋವರ್‌ಗೆ ಹೆಗಲು ಅದ, ಹೆಗಲೇ ಬೇಕು.
ಭೀಮಶಾ ಮಾವ, ಒಂದು ಕಾಲದಾಗ ಕನಸು ನೋಡಿ ಮಟಕಾ ಆಡಿದವ,
'ಬ್ರಾಡೊ' ಅಂದ. 'ಬಲಗಣ್ಣು ಹಾರ್ತು.'
ಮಟಕಾದಾಗ ಏನು ಬಂತು ಮಾವಾ?
'ಒಂದು ಸಾರಿ ಸೈಕಲ್ಲು ಬಂತು.
ಮತ್ತೊಂದು ಸಾರಿ ಅದೇ ಸೈಕಲ್ಲು ಹೋತು.'

ನಾ ಅಂದೆ, ಸೇಠ್, ಹುಡುಗನ್ನ ಏನು ನೋಡ್ತಿ,
ಮುಂದಿನ ಹತ್ತು ಕೊಡ ನೋಡು.
ಯಾರ ಮನಿಗಿ ಬೀಗರು ಬಂದಾರ,
ಯಾರು ಒಂದು ಕೊಡ ಇಟ್ಟು ಡ್ರಮ್ಮಿಗಿ ಪೈಪು ಹಾಕ್ತಾರ,
ಯಾರು ತಮ್ಮ ಸರತಿ ಹಿಂದಿನವಳಿಗಿ ಮಾರಿ ನಗ್ತಾರ,
ನಿನಗ ಬೇಕಾದ್ದು ಅಲ್ಲ, ನಿನ್ನ ಮಟ ಉಳಿದದ್ದು ನಿನಗ.
ಸೇಠ್ ನಕ್ಕ. 'ಚಂದಾಬಾಯಿ, ಇದು ನಲ್ಲಿ ಅಲ್ಲ, ಆಟ.'
ರಾತ್ರಿ ಮುನ್ನೂರು ಬ್ರಾಡೊ ಒತ್ತಿದಿವಿ.
ಸಾವಿರದೆಂಟುನೂರು ತೂತು. ಉಗುರು ಸಂದಿ ಉರೀತಿತ್ತು.

ಅವರದು ಅಲ್ಲಿ ರಾತ್ರಿ ಅಂದ್ರ ನಮ್ಮದು ಇಲ್ಲಿ ನೀರಿನ ಹೊತ್ತು.
ಏಪ್ರಿಲ್. ನಸುಕಿನಾಗೇ ಬೆನ್ನು ಬೆವರು.
ಪರ್ವೀನಳ ಹಿಂದ ಕುಂತೆ, ಎಣಿಸಿದೆ: ನಾನೂ ಹನ್ನೊಂದನೇದಾಕಿ.
ಕೊಡದ ಬಾಯಿಗಿ ಕಟ್ಟಿದ್ದು ಸೊಟ್ಟ ಒತ್ತಿದ ಮಾದರಿ ಅಂಗಿ,
ಲಿಂಟ್ಜ್ ಅಂಬೋ ಹುಡುಗನದು.
ಅವನ ಹೆಸರಿನ ಭಾಗ ಮಡಚಿ ಕೆಳಗ ಮಾಡೀನಿ,
ರಬ್ಬರಿನ್ಯಾಗ ನೀರು ಇಳಿಯಲ್ಲ.
ಆ ಹೊತ್ತಿಗಿ ಅವನೂ ಎಲ್ಲೋ ಕುಂತಿರ್ತಾನ,
ಹೊಸ ಕೋಟು ಹಾಕ್ಕೊಂಡು, ಅವ್ವ ಬಾಜೂಕ,
ಹತ್ತೂ ಮಂದಿ ಬ್ಯಾರೆ ಹೆಸರು ಕೂಗೋದು ಕೇಳ್ತಾ.
ಕೂಡೋದು ನನಗ ಗೊತ್ತದ. ಕೋಟು ಗೊತ್ತಿಲ್ಲ.

ಒಂಬತ್ತು. ಪರ್ವೀನಳ ಕೊಡ ಹತ್ತು.
ನಲ್ಲಿ ಕೆಮ್ಮಿತು, ಗಾಳಿ ಉಗುಳಿತು,
ಬೆರಳಿನಷ್ಟು ಧಾರಿ, ಆಮ್ಯಾಲ ದಾರದಷ್ಟು.
ನಾ ಕೊಡ ಇಟ್ಟೆ.

ಗಲ್ಲಿ ತುದಿಯಿಂದ ಸೇಠ್ ಓಡಿ ಬಂದ, ಚಪ್ಪಲಿ ಒಂದೇ ಕಾಲಿಗಿ.
ಬ್ರಾಡೊನ್ನ ನಾಕನೇದವರೇ ಎತ್ಕೊಂಡು ಹೋಗ್ಯಾರ.
ಡೋವರ್ ಅಲ್ಲ, ಲಿಂಟ್ಜೂ ಅಲ್ಲ,
ನಮ್ಮವರು ಕೂಗಿದ್ದು ಯಾರ ಚೀಟಿಯಾಗೂ ಇಲ್ಲದ ಹೆಸರು,
ಅವನ ಓಟ ಯಾರೂ ನೋಡಿಲ್ಲ.
'ನಡಿ ಚಂದಾಬಾಯಿ, ಲಗೂ, ವಿಮಾನ ರಾತ್ರಿ ಅದ.'

ಕೊಡದಾಗ ನಾಕು ಬೆರಳು ನೀರು. ಎತ್ತಲಿಲ್ಲ.
ತಲಿ ಎತ್ತದೇ ಕೇಳಿದೆ,
'ತೂತೆಷ್ಟು?'